ದಾರಿಯ ಕನಸು ಕಂಡ ಬೆಂಟನ್ ಮೆಕಾಯ್

ಕಳೆದ ಡಿಸೆಂಬರ್‌ನಲ್ಲಿ ಇಂಟರ್ನಲ್ಸ್ ಮುಗಿದ ಮಾರನೇ ದಿನ ನಾವು ಒಂಬತ್ತು ಜನ ಹಾಸ್ಟೆಲ್ ಗೆಳೆಯರು ಕುಮಾರಪರ್ವತಕ್ಕೆ ಹೋಗಿದ್ದೆವು. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಮಂಜು ಕವಿದು, ಹತ್ತು ಹೆಜ್ಜೆ ಮುಂದೆ ಏನಿದೆ ಅಂತಾನೂ ಕಾಣದ ಹಾಗಾಯ್ತು. ಮೊಬೈಲ್‌ನಲ್ಲಿ ನೆಟ್‌ವರ್ಕ್ ಇಲ್ಲ. ಎಲ್ಲರ ಮುಖದಲ್ಲೂ ಭಯ, ಆದರೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆಗ ನಮ್ಮನ್ನು ಕಾಪಾಡಿದ್ದು ಬಂಡೆಯ ಮೇಲೆ ಯಾರೋ ಬಣ್ಣದಲ್ಲಿ ಬರೆದಿದ್ದ ಒಂದು ಬಾಣದ ಗುರುತು. ಅದನ್ನು ಹುಡುಕಿ, ಮುಂದಿನದನ್ನು ಹುಡುಕಿ, ಹಾಗೇ ಕೆಳಗೆ ಇಳಿದೆವು.

ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಮಾತು. ಆ ಬಾಣ ಬರೆದವರು ಯಾರು? ಮಳೆಗೆ ಬಣ್ಣ ಅಳಿಸಿಹೋದರೆ ಮತ್ತೆ ಯಾರು ಬರೀತಾರೆ? ಒಂದು ಬೆಟ್ಟಕ್ಕೇ ಇಷ್ಟು ಕಷ್ಟ ಅಂದ್ರೆ, ಸಾವಿರಾರು ಕಿಲೋಮೀಟರ್ ಕಾಲುದಾರಿ ಮಾಡಿದವರು ಅದನ್ನು ಹೇಗೆ ನೋಡಿಕೊಳ್ತಾರೆ? ಹೀಗೆ ಹುಡುಕುತ್ತಾ ಹೋದಾಗ ಸಿಕ್ಕ ಹೆಸರು ಬೆಂಟನ್ ಮೆಕಾಯ್. (ಇಂಗ್ಲಿಷಿನ ಸ್ಪೆಲ್ಲಿಂಗ್ ನೋಡಿ ನಾವು ಮೊದಲು ಮ್ಯಾಕೇ, ಮ್ಯಾಕೆಯೆ ಅಂತೆಲ್ಲಾ ಓದಿದೆವು. 'ಸ್ಕೈ'ಗೆ ಪ್ರಾಸವಾಗುವ ಹಾಗೆ ಮೆಕಾಯ್ ಅನ್ನಬೇಕಂತೆ!) ಅಮೆರಿಕದ ಅಪಲೇಚಿಯನ್ ಟ್ರೇಲ್ ಎಂಬ ಮಹಾ ಕಾಲುದಾರಿಯ ಕಲ್ಪನೆ ಅವರದು. 14 ರಾಜ್ಯಗಳನ್ನು ದಾಟುವ ಈ ದಾರಿಯ ಉದ್ದ ಸುಮಾರು 3,500 ಕಿಲೋಮೀಟರ್. ಹೋಲಿಕೆಗೆ ಹೇಳುವುದಾದರೆ ನಮ್ಮ ಪಶ್ಚಿಮ ಘಟ್ಟದ ಉದ್ದ ಸುಮಾರು 1,600 ಕಿಲೋಮೀಟರ್ ಅಷ್ಟೇ.

ಮೆಕಾಯ್ ಹುಟ್ಟಿದ್ದು 1879ರ ಮಾರ್ಚ್ 6ರಂದು, ಕನೆಕ್ಟಿಕಟ್ ರಾಜ್ಯದ ಸ್ಟ್ಯಾಮ್‌ಫರ್ಡ್‌ನಲ್ಲಿ. ತಂದೆ ಸ್ಟೀಲ್ ಮೆಕಾಯ್ ಆ ಕಾಲಕ್ಕೆ ಹೆಸರಾಗಿದ್ದ ನಟ, ನಾಟಕಕಾರ. ಅಷ್ಟೇ ಅಲ್ಲ, ರಂಗಮಂದಿರದ ಯಂತ್ರಗಳನ್ನು ಕಂಡುಹಿಡಿಯುವ ಹುಚ್ಚು ಬೇರೆ. ಒಂದು ದೃಶ್ಯ ನಡೆಯುತ್ತಿರುವಾಗಲೇ ಮುಂದಿನ ದೃಶ್ಯಕ್ಕೆ ಸಜ್ಜು ಮಾಡಿ ಇಡೀ ರಂಗವನ್ನೇ ಮೇಲೆ ಕೆಳಗೆ ಸರಿಸುವ ಲಿಫ್ಟ್‌ನಂಥ ವ್ಯವಸ್ಥೆ ಅವರದ್ದೇ. 1893ರ ಷಿಕಾಗೋ ವಿಶ್ವಮೇಳಕ್ಕೆ ಒಂದು ಭಾರೀ ರಂಗಮಂದಿರ ಕಟ್ಟಲು ಹೊರಟರು, ದುಡ್ಡು ಸಾಲದೆ ಅದು ಅರ್ಧಕ್ಕೇ ನಿಂತುಹೋಯಿತು. ಮರುವರ್ಷ ತೀರಿಕೊಂಡರು. ಬೆಂಟನ್‌ಗೆ ಆಗ ಇನ್ನೂ 15 ತುಂಬಿರಲಿಲ್ಲ. ದೊಡ್ಡ ಕನಸು ಕಾಣುವ ಗುಣ ಮಗನಿಗೆ ತಂದೆಯಿಂದಲೇ ಬಂತು ಅಂತ ನಮಗೆ ಅನಿಸುತ್ತದೆ.

ಊರೂರು ಅಲೆಯುತ್ತಿದ್ದ ಈ ಕುಟುಂಬಕ್ಕೆ ನೆಲೆ ಸಿಕ್ಕಿದ್ದು ಮ್ಯಾಸಚೂಸೆಟ್ಸ್‌ನ ಷರ್ಲಿ ಸೆಂಟರ್ ಎಂಬ ಪುಟ್ಟ ಹಳ್ಳಿಯಲ್ಲಿ. ಹುಡುಗ ಬೆಂಟನ್‌ಗೆ ಕ್ಲಾಸಿಗಿಂತ ಗುಡ್ಡ ಇಷ್ಟ. ಒಬ್ಬನೇ ಸುತ್ತಮುತ್ತಲ ಗುಡ್ಡ, ಹೊಳೆ, ಕಾಡು ಸುತ್ತಿ, ಪ್ರತಿ ಸುತ್ತಾಟಕ್ಕೂ ಒಂದೊಂದು ನಂಬರ್ ಕೊಟ್ಟು, ನಕ್ಷೆ ಬರೆದು ನೋಟ್‌ಬುಕ್ಕಿನಲ್ಲಿ ದಾಖಲಿಸುತ್ತಿದ್ದ. ನಾವು ಅದೇ ವಯಸ್ಸಿನಲ್ಲಿ ಟ್ಯೂಷನ್ನಿಗೂ ಮನೆಗೂ ಮಧ್ಯದ ದಾರಿ ಬಿಟ್ಟರೆ ಬೇರೆ ದಾರಿ ನೋಡಿರಲಿಲ್ಲ.

1900ರಲ್ಲಿ ಹಾರ್ವರ್ಡ್‌ನಲ್ಲಿ ಪದವಿ ಮುಗಿಸಿದ ಬೇಸಿಗೆಯಲ್ಲೇ ಗೆಳೆಯನೊಬ್ಬನ ಜೊತೆ ವರ್ಮಾಂಟ್ ರಾಜ್ಯದ ಗ್ರೀನ್ ಪರ್ವತಗಳಲ್ಲಿ ನಡೆದರು. ಅಲ್ಲಿನ ಸ್ಟ್ರ್ಯಾಟನ್ ಬೆಟ್ಟದ ಮೇಲೆ ಮರ ಹತ್ತಿ ನೋಡಿದಾಗ, ಒಂದರ ಹಿಂದೆ ಒಂದು ಸಾಲಾಗಿ ಹೋಗುವ ಬೆಟ್ಟಗಳನ್ನೆಲ್ಲಾ ಒಂದೇ ದಾರಿಯಿಂದ ಜೋಡಿಸಬಹುದಲ್ಲಾ ಅನ್ನುವ ಯೋಚನೆಯ ಮೊದಲ ಎಳೆ ಹೊಳೆಯಿತು ಅಂತ ಮುಂದೆ ಅವರು ನೆನಪಿಸಿಕೊಂಡಿದ್ದರು. ತಮಾಷೆ ಏನಂದ್ರೆ ಸುಮಾರು ಒಂಬತ್ತು ವರ್ಷದ ಮೇಲೆ ಅದೇ ಬೆಟ್ಟದಲ್ಲಿ ಜೇಮ್ಸ್ ಟೇಲರ್ ಎಂಬ ಶಾಲಾ ಮೇಷ್ಟ್ರಿಗೂ ಅಂಥದ್ದೇ ಯೋಚನೆ ಬಂತಂತೆ. ಟೇಲರ್ ಮತ್ತು ಗೆಳೆಯರು 1910ರಲ್ಲಿ ಗ್ರೀನ್ ಮೌಂಟನ್ ಕ್ಲಬ್ ಕಟ್ಟಿ, ವರ್ಮಾಂಟ್ ರಾಜ್ಯದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವ ಲಾಂಗ್ ಟ್ರೇಲ್ ಕೆಲಸ ಶುರುಮಾಡಿದರು. ಒಂದು ರಾಜ್ಯಕ್ಕೆ ಒಂದು ದಾರಿ! ಅದು ಮುಗಿಯಲು 1930 ಬೇಕಾಯ್ತು. ಮೆಕಾಯ್ ಮನಸ್ಸಿನಲ್ಲಿದ್ದ ದಾರಿ ಅದಕ್ಕಿಂತ ಎಷ್ಟೋ ಪಟ್ಟು ಉದ್ದ.

ಅವರು 1905ರಲ್ಲಿ ಹಾರ್ವರ್ಡ್‌ನಲ್ಲೇ ಅರಣ್ಯಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದು ಅಮೆರಿಕದ ಅರಣ್ಯ ಸೇವೆಗೆ ಸೇರಿದರು. ಅಲ್ಲಿ ಅವರು ಮಾಡಿದ ಒಂದು ಕೆಲಸ ಸಿವಿಲ್ ಬ್ರಾಂಚಿನ ನಮ್ಮಂಥವರಿಗೆ ತುಂಬಾ ಹತ್ತಿರದ್ದು. 1911ರಲ್ಲಿ ಬಂದ ವೀಕ್ಸ್ ಕಾಯ್ದೆ ಪ್ರಕಾರ ಸರ್ಕಾರ ಪೂರ್ವದ ಬೆಟ್ಟಗಳಲ್ಲಿ ಕಾಡು ಕೊಳ್ಳಬಹುದಿತ್ತು. ಆದರೆ ಆ ಕಾಡಿಗೂ ಕೆಳಗೆ ಹರಿಯುವ ನದಿಗೂ ಸಂಬಂಧ ಇದೆ ಅಂತ ತೋರಿಸಬೇಕಿತ್ತು. ಮೆಕಾಯ್ ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಪರ್ವತಗಳಲ್ಲಿ ಕಾಡಿರುವ ಇಳಿಜಾರು, ಕಡಿದುಹಾಕಿದ ಇಳಿಜಾರು ಎರಡನ್ನೂ ಅಧ್ಯಯನ ಮಾಡಿದರು. ಕಾಡು ಕಡಿದ ಕಡೆ ಮಳೆ ನೀರು, ಹಿಮ ಕರಗಿದ ನೀರು ಬೇಗ ಹರಿದು ಹೋಗುತ್ತದೆ ಎಂಬುದಕ್ಕೆ ಆ ಅಧ್ಯಯನ ಪುರಾವೆ ಒದಗಿಸಿತು. ನಾವು ಹೈಡ್ರಾಲಜಿಯಲ್ಲಿ ರನ್‌ಆಫ್ ಅಂತ ಐದು ಮಾರ್ಕ್ಸಿಗೆ ಬರೆಯೋದು ಇದನ್ನೇ. ಮುಂದೆ ಅಲ್ಲಿ ರಾಷ್ಟ್ರೀಯ ಅರಣ್ಯ ಆಗಲು ಇಂಥ ಅಧ್ಯಯನಗಳು ನೆರವಾದವು.

1915ರಲ್ಲಿ ಮೆಕಾಯ್ ಜೆಸ್ಸಿ ಹಾರ್ಡಿ ಸ್ಟಬ್ಸ್ ಅವರನ್ನು ಮದುವೆಯಾದರು. ಮನೆಯವರಿಗೂ ಗೆಳೆಯರಿಗೂ ಆಕೆ ಬೆಟ್ಟಿ. ಹೆಂಗಸರಿಗೆ ಮತದಾನದ ಹಕ್ಕು ಬೇಕು ಅಂತ ಊರೂರು ತಿರುಗಿ ಭಾಷಣ ಮಾಡಿದವರು, ಯುದ್ಧದ ವಿರುದ್ಧ ನಿಂತವರು. ಆದರೆ ಆಕೆಗೆ ಮನಸ್ಸಿನ ಕಾಯಿಲೆ ಇತ್ತು. 1921ರ ಏಪ್ರಿಲ್‌ನಲ್ಲಿ ಆಕೆ ನ್ಯೂಯಾರ್ಕಿನ ಈಸ್ಟ್ ನದಿಯಲ್ಲಿ ಪ್ರಾಣ ಕಳೆದುಕೊಂಡರು. ಮೆಕಾಯ್‌ಗೆ ಆಗ 42 ವರ್ಷ. ಮತ್ತೆ ಮದುವೆಯಾಗಲಿಲ್ಲ.

ಇದನ್ನು ಬರೆಯಬೇಕೋ ಬೇಡವೋ ಅಂತ ನಮ್ಮಲ್ಲಿ ಸ್ವಲ್ಪ ಚರ್ಚೆ ಆಯ್ತು. ಆದರೆ ಇದನ್ನು ಬಿಟ್ಟರೆ ಮುಂದಿನದ್ದು ಅರ್ಥವಾಗೋದಿಲ್ಲ. ಚಾರ್ಲ್ಸ್ ವಿಟೇಕರ್ ಎಂಬ ಗೆಳೆಯರು ದುಃಖದಲ್ಲಿದ್ದ ಮೆಕಾಯ್ ಅವರನ್ನು ನ್ಯೂಜೆರ್ಸಿಯ ತಮ್ಮ ತೋಟದ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಕೂತು ಮೆಕಾಯ್ ವರ್ಷಗಟ್ಟಲೆ ತಲೆಯಲ್ಲಿದ್ದ ಯೋಚನೆಯನ್ನು ಕಾಗದಕ್ಕೆ ಇಳಿಸತೊಡಗಿದರು. ವಿಟೇಕರ್ ವಾಸ್ತುಶಿಲ್ಪಿಗಳ ಸಂಸ್ಥೆಯ ಪತ್ರಿಕೆಗೆ ಸಂಪಾದಕರು. ಜುಲೈನಲ್ಲಿ ಹತ್ತಿರದಲ್ಲೇ ಇದ್ದ ಹಡ್ಸನ್ ಗಿಲ್ಡ್ ಫಾರ್ಮ್‌ನಲ್ಲಿ ಅವರು ಮೆಕಾಯ್‌ಗೆ ಕ್ಲಾರೆನ್ಸ್ ಸ್ಟೀನ್ ಎಂಬ ವಾಸ್ತುಶಿಲ್ಪಿಯ ಪರಿಚಯ ಮಾಡಿಸಿದರು. ಮೂವರೂ ಸೇರಿ ಮಾತಾಡಿದ್ದೇ ಅಕ್ಟೋಬರ್ 1921ರಲ್ಲಿ ಲೇಖನವಾಗಿ ಅಚ್ಚಾಯ್ತು. ಹೆಂಡತಿ ತೀರಿಕೊಂಡು ಆರು ತಿಂಗಳಾಗಿತ್ತು.

ಲೇಖನದಲ್ಲಿ ಇದ್ದದ್ದು ಬರೀ ಟ್ರೆಕ್ಕಿಂಗ್ ದಾರಿಯಲ್ಲ. ನ್ಯೂ ಹ್ಯಾಂಪ್‌ಶೈರ್‌ನ ಮೌಂಟ್ ವಾಷಿಂಗ್ಟನ್‌ನಿಂದ ನಾರ್ತ್ ಕ್ಯಾರೊಲಿನಾದ ಮೌಂಟ್ ಮಿಚೆಲ್‌ವರೆಗೆ ಬೆಟ್ಟದ ನೆತ್ತಿಯ ಮೇಲೆ ಕಾಲುದಾರಿ, ಒಂದು ದಿನದ ನಡಿಗೆಗೆ ಒಂದರಂತೆ ತಂಗುದಾಣ, ಜನ ಕೂಡಿ ಬಾಳುವ ಶಿಬಿರಗಳು, ಜೊತೆಗೆ ಬೇಸಾಯದ ಶಿಬಿರಗಳು. ನಗರದ ಕಾರ್ಖಾನೆಗಳಲ್ಲಿ ದುಡಿದು ಸುಸ್ತಾದ ಜನಕ್ಕೆ ಬಿಡುವಿನ ದಿನ ಹೋಗಲು ಒಂದು ಜಾಗ ಬೇಕು, ಅದು ಎಲ್ಲರಿಗೂ ಸೇರಿದ್ದಾಗಿರಬೇಕು ಅನ್ನೋದು ಅವರ ಆಸೆ. ಶಿಬಿರಗಳ ಭಾಗ ಕಾಗದದಲ್ಲೇ ಉಳಿಯಿತು. ದಾರಿ ಮತ್ತು ತಂಗುದಾಣ ಮಾತ್ರ ನಿಜವಾದವು.

ನಿಜವಾಗಲು ಒಂದು ಜಾಣತನ ಕಾರಣ. ಇಡೀ ದಾರಿಯನ್ನು ಒಂದೇ ಆಫೀಸಿನಿಂದ ಕಟ್ಟುವ ಬದಲು ತುಂಡು ತುಂಡು ಮಾಡಿ, ಒಂದೊಂದು ತುಂಡನ್ನು ಆಯಾ ಪ್ರದೇಶದ ಕ್ಲಬ್ಬಿಗೆ ವಹಿಸೋದು. ಆಗಲೇ ಇದ್ದ ಹಾದಿಗಳನ್ನು ಕೂಡಿಸಿಕೊಂಡು, ನಡುವಿನ ಖಾಲಿ ಜಾಗ ತುಂಬೋದು. ಮೆಕಾಯ್ ಊರೂರಿಗೆ ಹೋಗಿ ಅರಣ್ಯಾಧಿಕಾರಿಗಳು, ಕ್ಲಬ್ಬಿನವರು, ಪತ್ರಿಕೆಯವರು ಎಲ್ಲರನ್ನೂ ಮಾತಾಡಿಸಿದರು. 1923ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಬೇರ್ ಮೌಂಟನ್ ಬಳಿ ಮೊದಲ ಹೊಸ ತುಂಡು ತೆರೆಯಿತು. 1925ರ ಮಾರ್ಚ್‌ನಲ್ಲಿ ವಾಷಿಂಗ್ಟನ್ ನಗರದಲ್ಲಿ ಎಲ್ಲರೂ ಸಭೆ ಸೇರಿ ಒಂದು ಒಕ್ಕೂಟ ಕಟ್ಟಿದರು.

ಆಮೇಲೆ ಕೆಲಸ ನಿಧಾನವಾಯ್ತು. ಮೆಕಾಯ್ ಯೋಚನೆಯ ಮನುಷ್ಯ, ಪುಸ್ತಕ ಬರೆಯುವುದರಲ್ಲಿ ಮುಳುಗಿದರು. ಆಗ ಕೈಹಿಡಿದವರು ಮೊದಲು ಆರ್ಥರ್ ಪರ್ಕಿನ್ಸ್ ಎಂಬ ನಿವೃತ್ತ ವಕೀಲರು, ಅವರ ನಂತರ ಮೈರನ್ ಏವರಿ. ಏವರಿ ಮೆಕಾಯ್‌ಗಿಂತ 20 ವರ್ಷ ಚಿಕ್ಕವರು, ಅವರೂ ವಕೀಲರು, ಮೇನ್ ರಾಜ್ಯದವರು. 1931ರಿಂದ ಒಕ್ಕೂಟದ ಅಧ್ಯಕ್ಷರು. ಕೈಯಲ್ಲಿ ಯಾವಾಗಲೂ ಅಳತೆಯ ಚಕ್ರ. ಸೈಕಲ್ ಚಕ್ರಕ್ಕೆ ಮೀಟರ್ ಕಟ್ಟಿದ ಆ ಸಾಧನವನ್ನು ತಳ್ಳಿಕೊಂಡು ಬೆಟ್ಟ ಹತ್ತಿ ಇಳಿಯುತ್ತಿದ್ದರು. ಸರ್ವೇ ಪಾಠದಲ್ಲಿ ಪೆರಾಂಬುಲೇಟರ್ ಅಂತ ಚಿತ್ರ ನೋಡಿ, ಇದನ್ನು ಯಾರು ಬಳಸ್ತಾರೆ ಅಂತ ನಕ್ಕಿದ್ದೆವಲ್ಲ, ಅದೇ! 1936ರ ಹೊತ್ತಿಗೆ ಏವರಿ ಇಡೀ ದಾರಿಯನ್ನು ತುಂಡು ತುಂಡಾಗಿ ನಡೆದು ಮುಗಿಸಿದ ಮೊದಲಿಗರಾದರು.

ಈ ಇಬ್ಬರೂ ಕೊನೆಗೆ ಜಗಳವಾಡಿದರು. ವರ್ಜೀನಿಯಾದ ಶೆನಂಡೋವಾದಲ್ಲಿ ಸರ್ಕಾರ ಬೆಟ್ಟದ ನೆತ್ತಿಯ ಮೇಲೇ ಸ್ಕೈಲೈನ್ ಡ್ರೈವ್ ಎಂಬ ಕಾರು ರಸ್ತೆ ಮಾಡತೊಡಗಿತು. ಕಾಲುದಾರಿ ಇದ್ದ ಜಾಗವೇ ರಸ್ತೆಯಾಯ್ತು. ಕಾರಿನ ಸದ್ದು ಕೇಳದ ಒಂದು ಜಾಗ ಉಳಿಯಲಿ ಅಂತಲೇ ಅಲ್ಲವೇ ನಾವು ಹೊರಟಿದ್ದು ಅನ್ನುವುದು ಮೆಕಾಯ್ ನಿಲುವು. ಸರ್ಕಾರದ ಜೊತೆ ಜಗಳವಾಡಿದರೆ ದಾರಿಯೇ ಮುಗಿಯೋದಿಲ್ಲ, ಪಕ್ಕಕ್ಕೆ ಸರಿಸಿಕೊಂಡು ಮುಂದೆ ಹೋಗೋಣ ಅನ್ನುವುದು ಏವರಿ ನಿಲುವು. 1935ರ ಕೊನೆಗೆ ಪತ್ರಗಳಲ್ಲಿ ಮಾತು ತುಂಬಾ ಕಹಿಯಾಯಿತು. ಆಮೇಲೆ ಅವರಿಬ್ಬರೂ ಮತ್ತೆ ಒಂದಾಗಲಿಲ್ಲ.

ಮೆಕಾಯ್ ಬೇರೆ ದಾರಿ ಹಿಡಿದರು. ಆ ವರ್ಷಗಳಲ್ಲಿ ಅವರು ಟೆನೆಸೀ ಕಣಿವೆ ಪ್ರಾಧಿಕಾರದಲ್ಲಿ ಯೋಜನಾಕಾರರಾಗಿದ್ದರು. ನಮ್ಮ ದಾಮೋದರ ಕಣಿವೆ ನಿಗಮಕ್ಕೆ ಮಾದರಿಯಾದ ಪ್ರಾಧಿಕಾರ ಅದು. 1934ರಲ್ಲಿ ನಾಕ್ಸ್‌ವಿಲ್ ಹತ್ತಿರ ಬಾಬ್ ಮಾರ್ಷಲ್ ಮತ್ತಿತರ ಗೆಳೆಯರ ಜೊತೆ ಕಾರಿನಲ್ಲಿ ಹೋಗುವಾಗ, ರಸ್ತೆ ಪಕ್ಕದಲ್ಲಿ ಗಾಡಿ ನಿಲ್ಲಿಸಿ ಕೂತು ಹೊಸ ಸಂಘದ ಮಾತಾಡಿದರು. ಮರುವರ್ಷ ವೈಲ್ಡರ್‌ನೆಸ್ ಸೊಸೈಟಿ ಹುಟ್ಟಿತು. ರಸ್ತೆ ತಲುಪದ ಕಾಡುಗಳನ್ನು ಹಾಗೇ ಉಳಿಸಬೇಕೆಂಬುದೇ ಅದರ ಗುರಿ. 1945ರಿಂದ 1950ರವರೆಗೆ ಮೆಕಾಯ್ ಅದರ ಅಧ್ಯಕ್ಷರೂ ಆಗಿದ್ದರು.

ಇತ್ತ 1937ರ ಆಗಸ್ಟ್ 14ರಂದು ಮೇನ್ ರಾಜ್ಯದಲ್ಲಿ ಕೊನೆಯ ತುಂಡು ಸೇರಿ ದಾರಿ ಪೂರ್ತಿಯಾಯ್ತು. ಆದರೆ ಮುಗಿಯಿತು ಅಂತ ಕೂರುವ ಹಾಗಿರಲಿಲ್ಲ. ಮರುವರ್ಷವೇ ದೊಡ್ಡ ಚಂಡಮಾರುತ ಬಂದು ಉತ್ತರದಲ್ಲಿ ಎಷ್ಟೋ ಕಡೆ ಮರ ಉರುಳಿಸಿತು. ಆಮೇಲೆ ಯುದ್ಧ ಬಂತು, ಸ್ವಯಂಸೇವಕರೆಲ್ಲ ಸೈನ್ಯಕ್ಕೆ ಹೋದರು, ದಾರಿ ಪೊದೆಯಲ್ಲಿ ಮುಚ್ಚಿಹೋಯ್ತು. 1948ರಲ್ಲಿ ಯುದ್ಧದಿಂದ ಮರಳಿದ್ದ ಅರ್ಲ್ ಶಾಫರ್ ಇಡೀ ದಾರಿಯನ್ನು ಒಂದೇ ಸಲಕ್ಕೆ ನಡೆದು ತೋರಿಸಿದಾಗ ಜನರ ಗಮನ ಮತ್ತೆ ಇತ್ತ ತಿರುಗಿತು. ಏವರಿ 1952ರಲ್ಲಿ, 52ನೇ ವಯಸ್ಸಿನಲ್ಲೇ ತೀರಿಕೊಂಡರು.

ಮೆಕಾಯ್ ಷರ್ಲಿ ಸೆಂಟರ್‌ನ ಹಳೇ ಮನೆಯಲ್ಲಿ ದೀರ್ಘಕಾಲ ಬಾಳಿದರು. 1968ರ ಅಕ್ಟೋಬರ್ 2ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ರಾಷ್ಟ್ರೀಯ ಕಾಲುದಾರಿಗಳ ಕಾಯ್ದೆಗೆ ಸಹಿ ಹಾಕಿದಾಗ ಅವರಿಗೆ 89 ವರ್ಷ. ಅಪಲೇಚಿಯನ್ ಟ್ರೇಲ್ ದೇಶದ ಮೊದಲ ಎರಡು ರಾಷ್ಟ್ರೀಯ ದೃಶ್ಯ ಕಾಲುದಾರಿಗಳಲ್ಲಿ ಒಂದಾಯಿತು. ಅಲ್ಲಿಯವರೆಗೆ ಜಮೀನಿನ ಮಾಲೀಕರ ಒಪ್ಪಿಗೆ ಮೇಲೆ ನಿಂತಿದ್ದ ದಾರಿಗೆ ಕಾನೂನಿನ ಆಸರೆ ಸಿಕ್ಕಿತು. 1975ರ ಡಿಸೆಂಬರ್ 11ರಂದು, 96ನೇ ವಯಸ್ಸಿನಲ್ಲಿ ಮೆಕಾಯ್ ತೀರಿಕೊಂಡರು.

ಈಗ ಸುಮಾರು 30 ಕ್ಲಬ್ಬುಗಳು ಆ ದಾರಿಯನ್ನು ಹಂಚಿಕೊಂಡು ನೋಡಿಕೊಳ್ಳುತ್ತಿವೆ. ಮರಗಳ ಮೇಲೆ ಎರಡಿಂಚು ಅಗಲ, ಆರಿಂಚು ಉದ್ದದ ಬಿಳಿ ಪಟ್ಟಿ. ಅದು ಮಾಸಿದಾಗ ಯಾರೋ ಒಬ್ಬರು ಭಾನುವಾರ ಬ್ರಷ್ ಹಿಡಿದು ಬಂದು ಮತ್ತೆ ಬಳಿಯುತ್ತಾರೆ. ಸಂಬಳ ಇಲ್ಲ.

ಇದನ್ನೆಲ್ಲಾ ಓದಿ ಮುಗಿಸಿದ ಮೇಲೆ ನಮ್ಮಲ್ಲಿ ಎರಡು ಪಾರ್ಟಿ ಆಯ್ತು. ಕೆಲವರು ಮೆಕಾಯ್ ಕಡೆ, ಕೆಲವರು ಏವರಿ ಕಡೆ. ಕನಸೇ ಇಲ್ಲದಿದ್ದರೆ ಚಕ್ರ ಎಲ್ಲಿಗೆ ತಳ್ತಿದ್ದರು ಅಂತ ಒಬ್ಬರು, ಚಕ್ರ ತಳ್ಳದಿದ್ದರೆ ಲೇಖನ ಲೈಬ್ರರಿಯಲ್ಲೇ ಧೂಳು ಹಿಡೀತಿತ್ತು ಅಂತ ಇನ್ನೊಬ್ಬರು. ಮೆಸ್ಸಿನಲ್ಲಿ ಊಟ ತಣ್ಣಗಾದರೂ ವಾದ ಮುಗಿಯಲಿಲ್ಲ. ನಮಗಂತೂ ಬೇಜಾರಾಗಿದ್ದು ಅವರಿಬ್ಬರೂ ಮತ್ತೆ ಮಾತಾಡಲಿಲ್ಲ ಅನ್ನೋದಕ್ಕೆ. ಒಂದೇ ದಾರಿಗೆ ಇಬ್ಬರೂ ಬೇಕಾಗಿದ್ದರು.

ಮುಂದಿನ ಸಲ ಬೆಟ್ಟಕ್ಕೆ ಹೋದಾಗ ಬಂಡೆಯ ಮೇಲಿನ ಬಾಣದ ಗುರುತು ಕಂಡರೆ ಒಂದು ನಿಮಿಷ ನಿಲ್ಲಿ, ಗೆಳೆಯರೇ. ಅದರ ಮೇಲೆ ನಿಮ್ಮ ಹೆಸರು, ಹಾರ್ಟ್ ಸಿಂಬಲ್ ಕೆತ್ತಬೇಡಿ. ಹಿಂದೆ ಮಂಜಿನಲ್ಲಿ ಯಾರಾದರೂ ಬರ್ತಾ ಇರಬಹುದು.