ಮರಳಿನೊಳಗೆ ಹೂತಿಟ್ಟ ಕಾರು: ಪ್ಯಾರಿ ಥಾಮಸರ ಬದುಕು

ಹಳೆಯ ಕಾರಿಗೆ ಬೇರೊಂದು ಎಂಜಿನ್ ಕೂರಿಸುವುದು ನಮ್ಮ ಭಾಗದವರಿಗೆ ಹೊಸ ಸಂಗತಿಯೇನಲ್ಲ. ಹಿಂದೂಪುರದ ಶೆಡ್ಡುಗಳಲ್ಲಾಗಲಿ, ಕಲ್ಯಾಣದುರ್ಗದ ರಸ್ತೆಬದಿಯ ಗ್ಯಾರೇಜುಗಳಲ್ಲಾಗಲಿ ಕೆಲಸ ಮಾಡಿದ ಹಿರಿಯ ಮೆಕ್ಯಾನಿಕ್ಕುಗಳನ್ನು ಕೇಳಿದರೆ, ಪೆಟ್ರೋಲ್ ಅಂಬಾಸಿಡರ್ ಕಾರುಗಳ ಹೊಟ್ಟೆಗೆ ಡೀಸೆಲ್ ಎಂಜಿನ್ ಇಳಿಸುತ್ತಿದ್ದ ಕಾಲವನ್ನು ನೆನೆಯುತ್ತಾರೆ. ಅದು ಖರ್ಚು ಉಳಿಸುವ ಬದಲಾವಣೆ. ವೇಗಕ್ಕಾಗಿಯೇ ದೊಡ್ಡ ಎಂಜಿನ್ ಕೂರಿಸುವುದು ಬೇರೆಯದೇ ಕಥೆ. ಈಗ ನಮ್ಮ ಪ್ರೌಢಶಾಲೆಯ ಹುಡುಗರು ಮೊಬೈಲಿನಲ್ಲಿ ಅಂಥ ಕಾರುಗಳನ್ನು ಕಣ್ಣರಳಿಸಿ ನೋಡುತ್ತಿದ್ದಾರೆ. ಎರ್ರಮಂಚಿಯ ಕಿಯಾ ಕಾರ್ಖಾನೆ ನಮ್ಮ ಕಣ್ಣಳತೆಯಲ್ಲೇ ಇರುವುದರಿಂದ ಕಾರು ಎಂಬುದು ಈ ಸೀಮೆಯ ಮಕ್ಕಳಿಗೆ ದೂರದ ವಸ್ತುವಾಗಿ ಉಳಿದಿಲ್ಲ. ಆದ್ದರಿಂದ ಈ ಸಲ ನಾವು, ಆ ವಿದ್ಯೆಯ ಎತ್ತರವನ್ನೂ ಅದರ ಬೆಲೆಯನ್ನೂ ಒಂದೇ ಬದುಕಿನಲ್ಲಿ ಕಂಡ ಜಾನ್ ಗಾಡ್‌ಫ್ರೆ ಪ್ಯಾರಿ ಥಾಮಸರ ಜೀವನವನ್ನು ಮನೆಮಂದಿಯೆಲ್ಲ ಕೂಡಿ ಓದಲೆಂದು ಬರೆಯುತ್ತಿದ್ದೇವೆ.

ಥಾಮಸರೂ ಗಡಿನಾಡಿನವರೇ. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ವೇಲ್ಸ್ ನಾಡಿನ ರೆಕ್ಸಮ್‌ನಲ್ಲಿ ಜನಿಸಿದರು. ತಂದೆ ಚರ್ಚಿನ ಪಾದ್ರಿ. ಮಗು ಚಿಕ್ಕದಿರುವಾಗಲೇ ಕುಟುಂಬ ಆಸ್ವೆಸ್ಟ್ರಿ ಎಂಬ ಊರಿಗೆ ಬಂದು ನೆಲೆಸಿತು. ಆ ಊರು ಆಡಳಿತಕ್ಕೆ ಇಂಗ್ಲೆಂಡಿನದು, ಆದರೆ ವೇಲ್ಸಿನ ಗಡಿ ಅಲ್ಲಿಂದ ಕೂಗಳತೆಯಲ್ಲಿದೆ. ಸಂತೆಗೆ ಬಂದವರು ವೆಲ್ಷ್ ಮಾತಾಡುತ್ತಾರೆ, ಕಚೇರಿಯವರು ಇಂಗ್ಲಿಷ್ ಮಾತಾಡುತ್ತಾರೆ. ಮಡಕಶಿರಾ, ರಾಯದುರ್ಗಗಳ ಓದುಗರಿಗೆ ಈ ಚಿತ್ರವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅಲ್ಲಿಯ ಶಾಲೆ ಮುಗಿಸಿ ಥಾಮಸರು ಲಂಡನ್ನಿನ ಸಿಟಿ ಅಂಡ್ ಗಿಲ್ಡ್ಸ್ ಎಂಜಿನಿಯರಿಂಗ್ ಕಾಲೇಜು ಸೇರಿದರು. ಅವರ ಮೊದಲ ಆಸಕ್ತಿ ವೇಗವಲ್ಲ, ಎಂಜಿನ್ನಿನ ಬಲವನ್ನು ಗಾಲಿಗೆ ಮುಟ್ಟಿಸುವ ಬಗೆ. ವಿದ್ಯುತ್ತಿನ ನೆರವಿನಿಂದ ಆ ಬಲವನ್ನು ಸಾಗಿಸುವ ವ್ಯವಸ್ಥೆಯೊಂದನ್ನು ರೂಪಿಸಿ ಹಕ್ಕುಪತ್ರ ಪಡೆದರು. ಮೊದಲ ಮಹಾಯುದ್ಧದ ಬಳಿಕ ಲೇಲ್ಯಾಂಡ್ ಮೋಟಾರ್ಸ್ ಸಂಸ್ಥೆಯ ಮುಖ್ಯ ಎಂಜಿನಿಯರ್ ಆದರು. ಲೇಲ್ಯಾಂಡ್ ಎಂದರೆ ಬೇರೆ ಯಾವುದೋ ಅಲ್ಲ. ನಮ್ಮೂರ ಬಸ್ಸು, ಲಾರಿಗಳ ಮೂತಿಯ ಮೇಲೆ ಅಶೋಕನ ಹೆಸರಿನೊಂದಿಗೆ ಸೇರಿ ನಿಂತಿರುವ ಅದೇ ಹೆಸರು. 1950ರ ದಶಕದಲ್ಲಿ ಮದರಾಸಿನ ಅಶೋಕ್ ಮೋಟಾರ್ಸ್ ಕೈಹಿಡಿದದ್ದು ಈ ಇಂಗ್ಲಿಷ್ ಸಂಸ್ಥೆಯನ್ನೇ.

ಲಾರಿ ಮಾಡುವ ಆ ಸಂಸ್ಥೆಗಾಗಿ ಥಾಮಸರು 1920ರಲ್ಲಿ ಅತಿ ದುಬಾರಿಯಾದ ಕಾರೊಂದನ್ನು ರೂಪಿಸಿದರು. ಅದೇ ಲೇಲ್ಯಾಂಡ್ ಎಯ್ಟ್. ಎಂಟು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ, ಸುಮಾರು 7 ಲೀಟರ್ ಗಾತ್ರದ ಎಂಜಿನ್ ಅದರದು. ಕೊಳ್ಳುವವರು ಮಾತ್ರ ಸಿಗಲಿಲ್ಲ, ತಯಾರಾದ ಕಾರುಗಳ ಸಂಖ್ಯೆ ಇಪ್ಪತ್ತನ್ನೂ ಮುಟ್ಟಲಿಲ್ಲ. ತಮ್ಮ ಕೂಸು ಅಂಗಡಿಯಲ್ಲಿ ಸೋತದ್ದನ್ನು ಕಂಡ ಥಾಮಸರು ಅದನ್ನು ಪಂದ್ಯದ ಕಣದಲ್ಲಿ ಗೆಲ್ಲಿಸಲು ಹೊರಟರು. 1923ರಲ್ಲಿ ಲೇಲ್ಯಾಂಡ್ ಕೆಲಸ ಬಿಟ್ಟು ಬ್ರೂಕ್‌ಲ್ಯಾಂಡ್ಸ್ ಸೇರಿದರು. 1907ರಲ್ಲಿ ಕಟ್ಟಿದ, ಬಾಣಲೆಯ ಅಂಚಿನಂತೆ ಬದಿಗಳು ಮೇಲೆದ್ದ ಕಾಂಕ್ರೀಟಿನ ಓಟದ ಪಥ ಅದು. ಆ ಪಥದ ಒಳಗಿನ ಪುಟ್ಟ ಮನೆಯೊಂದರಲ್ಲೇ ಅವರು ವಾಸ ಹೂಡಿದರು. ಮದುವೆಯಾಗಲಿಲ್ಲ. ಕೈಹೆಣಿಗೆಯ ಉಣ್ಣೆಯ ಅಂಗಿ ತೊಟ್ಟು, ಎಣ್ಣೆ ಮೆತ್ತಿದ ಕೈಗಳಲ್ಲಿ ಇಡೀ ದಿನ ಕೆಲಸ ಮಾಡುತ್ತಿದ್ದ ಈ ಭಾರೀ ದೇಹದ ಮನುಷ್ಯ ಪಂದ್ಯದ ದಿನ ತಾನೇ ಚಾಲಕನಾಗುತ್ತಿದ್ದರು. ಅಂದಿನ ಓಟಗಾರರಲ್ಲಿ ಹೆಚ್ಚಿನವರು ಸಿರಿವಂತ ಮನೆತನದವರು. ಥಾಮಸರು ಹಾಗಲ್ಲ, ತಮ್ಮ ವಿದ್ಯೆಯಿಂದಲೇ ಅನ್ನ ದುಡಿದುಕೊಂಡವರು.

ದೊಡ್ಡ ಎಂಜಿನ್ನಿನ ಹುಚ್ಚು ಆಗ ಇಂಗ್ಲೆಂಡಿನಲ್ಲಿ ಏರಿತ್ತು. ಯುದ್ಧ ಮುಗಿದಿತ್ತು, ವಿಮಾನಗಳಿಗೆಂದು ಸಾವಿರಾರು ಸಂಖ್ಯೆಯಲ್ಲಿ ತಯಾರಿಸಿದ ಎಂಜಿನ್ನುಗಳು ಕೇಳುವವರಿಲ್ಲದೆ ಬಿದ್ದಿದ್ದವು. ಅವುಗಳನ್ನು ಅಗ್ಗಕ್ಕೆ ಕೊಂಡು ಹಳೆಯ ಕಾರಿನ ಚಾಸಿಗೆ ಬಿಗಿದರೆ ಕಾರ್ಖಾನೆಗಳೂ ಕಾಣದ ವೇಗ ಸಿಗುತ್ತಿತ್ತು. ಲೂಯಿ ಝ್ಬೊರೊವ್‌ಸ್ಕಿ ಎಂಬ ಸಿರಿವಂತ ತರುಣ 1921ರಲ್ಲಿ ಹಳೆಯ ಮರ್ಸಿಡಿಸ್ ಕಾರಿಗೆ 23 ಲೀಟರಿನ ಮೇಬ್ಯಾಕ್ ವಿಮಾನದ ಎಂಜಿನ್ ಕೂರಿಸಿ ಬ್ರೂಕ್‌ಲ್ಯಾಂಡ್ಸಿನಲ್ಲಿ ಗೆದ್ದ. ಚಿಟ್ಟಿ ಬ್ಯಾಂಗ್ ಬ್ಯಾಂಗ್ ಎಂದು ಆ ಕಾರಿನ ಹೆಸರು. ಮುಂದೆ ಇಯಾನ್ ಫ್ಲೆಮಿಂಗ್ ಮಕ್ಕಳಿಗಾಗಿ ಬರೆದ ಹಾರುವ ಕಾರಿನ ಕಥೆಗೆ ಹೆಸರು ಬಂದದ್ದು ಇದರಿಂದಲೇ. ಅರ್ನೆಸ್ಟ್ ಎಲ್ಡ್ರಿಜ್ ಎಂಬ ಇನ್ನೊಬ್ಬ, ಎಂಜಿನ್ ಒಡೆದುಹೋದ 1908ರ ಫಿಯಟ್ ಪಂದ್ಯದ ಕಾರನ್ನು ಕೊಂಡು, ಲಂಡನ್ ಬಸ್ಸೊಂದರ ಭಾಗಗಳಿಂದ ಅದರ ಚಾಸಿಯನ್ನು ಉದ್ದ ಮಾಡಿ, 21.7 ಲೀಟರಿನ ಫಿಯಟ್ ವಿಮಾನದ ಎಂಜಿನ್ ಇಳಿಸಿದ. 1924ರಲ್ಲಿ ಫ್ರಾನ್ಸಿನಲ್ಲಿ ಆ ಕಾರು ಗಂಟೆಗೆ 234 ಕಿ.ಮೀ. ದಾಟಿ ವಿಶ್ವದಾಖಲೆ ಮಾಡಿತು.

ದೊಡ್ಡ ಎಂಜಿನ್ ಇಟ್ಟ ಮಾತ್ರಕ್ಕೆ ಕಾರು ಓಡುವುದಿಲ್ಲ. ನಮ್ಮ ರೈತರಿಗೆ ಇದನ್ನು ಬೋರ್‌ವೆಲ್ಲಿನ ಉದಾಹರಣೆಯಿಂದ ಹೇಳಬಹುದು. ಕಲ್ಯಾಣದುರ್ಗದ ಕಡೆ ನೀರು ಆಳಕ್ಕೆ ಇಳಿದಾಗ 5 ಎಚ್‌ಪಿ ಮೋಟಾರು ತೆಗೆದು 7.5 ಎಚ್‌ಪಿ ಇಳಿಸುತ್ತಾರೆ. ಕೇಬಲ್ಲು, ಸ್ಟಾರ್ಟರುಗಳನ್ನು ಹಳೆಯದೇ ಇಟ್ಟರೆ ನಾಲ್ಕು ದಿನದಲ್ಲಿ ಸುಟ್ಟ ವಾಸನೆ ಬರುತ್ತದೆ. ಕಾರಿನಲ್ಲೂ ಹೀಗೆಯೇ. ಎಂಜಿನ್ ಹೊರುವ ಚಾಸಿ, ಬಲವನ್ನು ತಾಳುವ ಕ್ಲಚ್ಚು ಮತ್ತು ಗೇರ್‌ಬಾಕ್ಸು, ಕಾವು ಇಳಿಸುವ ರೇಡಿಯೇಟರು, ನಿಲ್ಲಿಸುವ ಬ್ರೇಕು, ನೆಲ ಹಿಡಿಯುವ ಟೈರು, ಇವೆಲ್ಲವೂ ಹೊಸ ಬಲಕ್ಕೆ ತಕ್ಕಂತೆ ಬದಲಾಗಬೇಕು. ಇವುಗಳಲ್ಲಿ ಅತಿ ದುರ್ಬಲವಾದ ಕೊಂಡಿ ಯಾವುದೋ ಅಲ್ಲಿಯೇ ಕಾರು ಸೋಲುತ್ತದೆ. ವಿಮಾನದ ಎಂಜಿನ್ನಿಗೆ ಇನ್ನೊಂದು ಗುಣವೂ ಉಂಟು. ಪಂಖವನ್ನು ಅತಿ ಜೋರಾಗಿ ತಿರುಗಿಸಿದರೆ ಫಲವಿಲ್ಲವಾದ್ದರಿಂದ ಅದು ನಿಧಾನವಾಗಿ, ಆದರೆ ಮಹಾಬಲದಿಂದ ತಿರುಗುತ್ತದೆ. ಆ ಬಲವೆಲ್ಲ ಮೊದಲು ಬಂದು ಬಡಿಯುವುದು ಗೇರಿನ ಹಲ್ಲುಗಳಿಗೆ, ಚೈನಿನ ಕೊಂಡಿಗಳಿಗೆ.

ಥಾಮಸರು ಇದನ್ನು ಚೆನ್ನಾಗಿ ಬಲ್ಲವರು. 1925ರ ಜುಲೈಯಲ್ಲಿ ಬ್ರೂಕ್‌ಲ್ಯಾಂಡ್ಸಿನಲ್ಲಿ ಅವರ ಲೇಲ್ಯಾಂಡಿಗೂ ಎಲ್ಡ್ರಿಜ್‌ನ ಫಿಯಟ್ಟಿಗೂ ಜಿದ್ದಿನ ಓಟ ನಡೆಯಿತು. ಒಂದು ಕಡೆ ಏಳು ಲೀಟರ್ ಚಿಲ್ಲರೆ, ಇನ್ನೊಂದು ಕಡೆ ಸುಮಾರು ಇಪ್ಪತ್ತೆರಡು. ಗೆದ್ದದ್ದು ಚಿಕ್ಕದು. ನಮ್ಮ ದೃಷ್ಟಿಯಲ್ಲಿ ಥಾಮಸರ ಎಂಜಿನಿಯರಿಂಗ್ ಬದುಕಿನ ಶಿಖರ ಅದೇ. ಆಮೇಲಿನ ದಾಖಲೆಗಳು ಹೆಚ್ಚು ಪ್ರಸಿದ್ಧ ನಿಜ, ಆದರೆ ಒಂದೊಂದು ಭಾಗವನ್ನೂ ಒಂದಕ್ಕೊಂದು ಹೊಂದಿಸಿ ಕಟ್ಟಿದ ಯಂತ್ರ, ಮೂರು ಪಟ್ಟು ದೊಡ್ಡದಾದ ಜೋಡಣೆಯ ಯಂತ್ರವನ್ನು ಅಂದು ಹಿಂದಿಕ್ಕಿತು.

ಹಾಗಿದ್ದೂ ಅದೇ ಥಾಮಸರು ಜೋಡಣೆಯ ಕಾರನ್ನೇ ಕೊಂಡರು ಎಂಬುದು ಈ ಕಥೆಯ ವಿಚಿತ್ರ. ಝ್ಬೊರೊವ್‌ಸ್ಕಿ 1924ರ ಅಕ್ಟೋಬರಿನಲ್ಲಿ ಇಟಲಿಯ ಮೊಂಝಾ ಪಂದ್ಯದಲ್ಲಿ ಮರಕ್ಕೆ ಅಪ್ಪಳಿಸಿ ತೀರಿಕೊಂಡ. ವಯಸ್ಸು ಇಪ್ಪತ್ತೊಂಬತ್ತು. ಆತ ಕಟ್ಟಿದ ಕೊನೆಯ ದೈತ್ಯ ಕಾರು ಹೈಯಮ್ ಸ್ಪೆಷಲ್ ಇನ್ನೂ ಪಳಗಿರಲಿಲ್ಲ. ಥಾಮಸರು ಅದನ್ನು 125 ಪೌಂಡಿಗೆ ಕೊಂಡರು. ಅದರಲ್ಲಿದ್ದದ್ದು ಅಮೆರಿಕದ ಲಿಬರ್ಟಿ ವಿಮಾನದ ಎಂಜಿನ್: ಹನ್ನೆರಡು ಸಿಲಿಂಡರು, 27 ಲೀಟರು, ನಾನೂರಕ್ಕೂ ಹೆಚ್ಚು ಅಶ್ವಶಕ್ತಿ. 796 ಸಿಸಿ ಇರುವ ಮಾರುತಿ 800 ಕಾರಿನ ಮೂವತ್ತನಾಲ್ಕು ಎಂಜಿನ್ನುಗಳನ್ನು ಒಟ್ಟುಗೂಡಿಸಿದರೆ ಆ ಗಾತ್ರವಾಗುತ್ತದೆ. ಗೇರ್‌ಬಾಕ್ಸು ಯುದ್ಧಕ್ಕೆ ಮುಂಚಿನ ಬೆಂಝ್ ಪಂದ್ಯದ ಕಾರಿನದು. ಅಲ್ಲಿಂದ ಹಿಂದಿನ ಗಾಲಿಗಳಿಗೆ ಬಲ ಸಾಗುತ್ತಿದ್ದದ್ದು ಎರಡೂ ಬದಿಯ ಚೈನುಗಳ ಮೂಲಕ. ಸೈಕಲ್ಲಿನ ಚೈನಿನ ತತ್ವವೇ, ಗಾತ್ರ ಮಾತ್ರ ರಾಕ್ಷಸನದು.

ಕಾರಣ ಸರಳ. ಭೂಮಿಯ ಮೇಲೆ ಅತಿ ವೇಗವಾಗಿ ಸಾಗಿದವನೆಂಬ ದಾಖಲೆಗೆ ಲೇಲ್ಯಾಂಡಿನ ಬಲ ಸಾಲದು, ಹೊಸದಾಗಿ ಕಟ್ಟಲು ಕೈಯಲ್ಲಿ ಹಣ ಸಾಲದು. ಥಾಮಸರು ಕಾರನ್ನು ಬಿಚ್ಚಿ, ತಾವೇ ರೂಪಿಸಿದ ಪಿಸ್ಟನ್ನುಗಳನ್ನು ಹಾಕಿ, ನಾಲ್ಕು ಕಾರ್ಬುರೇಟರು ಕೂರಿಸಿ, ಗಾಳಿಯನ್ನು ಸೀಳುವಂತೆ ಮೈಯನ್ನು ತಿದ್ದಿದರು. ಬ್ಯಾಬ್ಸ್ ಎಂದು ಮುದ್ದಿನ ಹೆಸರಿಟ್ಟರು. ಚೈನುಗಳು ಮಾತ್ರ ಹಾಗೆಯೇ ಉಳಿದವು.

ಅಂಥ ವೇಗಕ್ಕೆ ಬ್ರಿಟನ್ನಿನಲ್ಲಿ ರಸ್ತೆಯಿರಲಿಲ್ಲ. ವೇಲ್ಸಿನ ದಕ್ಷಿಣದ ಕಡಲಂಚಿನ ಪೆಂಡೈನ್‌ನಲ್ಲಿ ಸುಮಾರು 11 ಕಿ.ಮೀ. ಉದ್ದದ ಮರಳುದಂಡೆಯಿದೆ. ನೀರು ಇಳಿದಾಗ ಅದು ಸಾರಿಸಿದ ಅಂಗಳದಂತೆ ಗಟ್ಟಿಯಾಗುತ್ತದೆ. ಮತ್ತೆ ಏರಿಳಿತದ ನೀರು ಬರುವುದರೊಳಗೆ ಓಟ ಮುಗಿಸಬೇಕು. ಅಲ್ಲಿಯ ನಾಮಫಲಕದಲ್ಲಿ ಇಂದು ಊರಿನ ವೆಲ್ಷ್ ಹೆಸರೂ ಇಂಗ್ಲಿಷ್ ಹೆಸರೂ ಒಟ್ಟಿಗೆ ಇವೆ ಎಂಬುದನ್ನು, ನಮ್ಮ ಊರುಗಳ ಫಲಕಗಳಲ್ಲಿ ಕನ್ನಡವೂ ಇರಲೆಂದು ಅರ್ಜಿ ಬರೆಯುತ್ತಾ ಬಂದಿರುವ ನಾವು ಗಮನಿಸದೆ ಇರಲಾರೆವು.

1926ರ ಮಾರ್ಚಿನಲ್ಲಿ ಹೆನ್ರಿ ಸೀಗ್ರೇವ್ ಎಂಬಾತ ಕೇವಲ 4 ಲೀಟರಿನ ಸನ್‌ಬೀಮ್ ಕಾರಿನಲ್ಲಿ ಗಂಟೆಗೆ 245 ಕಿ.ಮೀ. ಮುಟ್ಟಿದ್ದ. ಏಪ್ರಿಲ್ 27ರಂದು ಥಾಮಸರ ಬ್ಯಾಬ್ಸ್ ಪೆಂಡೈನ್ ಮರಳಿನ ಮೇಲೆ 272 ಕಿ.ಮೀ. ವೇಗದಲ್ಲಿ ಹಾದಿತು. ಮರುದಿನ ಇನ್ನೂ ಏರಿಸಿ 275 ಕಿ.ಮೀ. ಮುಟ್ಟಿದರು. ಗಾಳಿಯ ನೆರವು ಲೆಕ್ಕಕ್ಕೆ ಬಾರದಿರಲೆಂದು ಎರಡೂ ದಿಕ್ಕಿನಲ್ಲಿ ಓಡಿ ಸರಾಸರಿ ತೆಗೆಯುವುದು ನಿಯಮ. ಹಿಂದೂಪುರದಿಂದ ಬೆಂಗಳೂರನ್ನು ನೂರು ಕಿಲೋಮೀಟರೆಂದು ಹಿಡಿದರೆ, ಆ ವೇಗಕ್ಕೆ ಇಪ್ಪತ್ತೆರಡು ನಿಮಿಷದ ದಾರಿ. ಪಾದ್ರಿಯ ಮಗ, ಇನ್ನೊಬ್ಬರು ಬಿಟ್ಟುಹೋದ ಕಾರಿನಲ್ಲಿ, ಜಗತ್ತಿನಲ್ಲೇ ಅತಿ ವೇಗದ ಮನುಷ್ಯನಾಗಿದ್ದ.

ಆ ಪಟ್ಟ ಒಂದು ವರ್ಷವೂ ನಿಲ್ಲಲಿಲ್ಲ. ದಾಖಲೆಗೆಂದೇ ಹೊಸದಾಗಿ ಕಟ್ಟಿದ ಬ್ಲೂಬರ್ಡ್ ಕಾರಿನಲ್ಲಿ ಮಾಲ್ಕಮ್ ಕ್ಯಾಂಪ್‌ಬೆಲ್ 1927ರ ಫೆಬ್ರುವರಿ 4ರಂದು ಅದೇ ಮರಳಿನ ಮೇಲೆ 281 ಕಿ.ಮೀ. ಸಮೀಪಿಸಿದ. ಇತ್ತ ಸೀಗ್ರೇವ್ ಸಾವಿರ ಅಶ್ವಶಕ್ತಿಯದೆಂದು ಹೆಸರಾದ ಕಾರನ್ನು ಅಮೆರಿಕಕ್ಕೆ ಒಯ್ಯುವ ಸಿದ್ಧತೆಯಲ್ಲಿದ್ದ. ಅದು ಓಡಿದ ಮೇಲೆ ಬ್ಯಾಬ್ಸಿಗೆ ಅವಕಾಶವಿರದು. ಥಾಮಸರಿಗೆ ಉಳಿದಿದ್ದದ್ದು ಕೆಲವೇ ವಾರಗಳು. ಜ್ವರದಿಂದ ಚೇತರಿಸಿಕೊಳ್ಳುತ್ತಿದ್ದ ದೇಹವನ್ನೇ ಹೊತ್ತುಕೊಂಡು ಅವರು ಮಾರ್ಚ್ ಮೊದಲಲ್ಲಿ ಪೆಂಡೈನ್‌ಗೆ ಬಂದರು.

1927ರ ಮಾರ್ಚ್ 3ರಂದು ಓಟದ ನಡುವೆ ಬ್ಯಾಬ್ಸ್ ಜಾರಿತು, ಉರುಳಿತು, ಉರಿ ಹತ್ತಿತು. ಥಾಮಸರು ಸ್ಥಳದಲ್ಲೇ ತೀರಿಕೊಂಡರು. ಭೂವೇಗದ ದಾಖಲೆಯ ಯತ್ನದಲ್ಲಿ ಮಡಿದ ಮೊದಲ ಚಾಲಕ ಅವರೆಂದು ಇತಿಹಾಸ ದಾಖಲಿಸಿದೆ. ಬಲಬದಿಯ ಚೈನು ತುಂಡಾಗಿ ಅವರಿಗೆ ಬಡಿಯಿತೆಂಬ ವಿವರಣೆ ಅಂದೇ ಹಬ್ಬಿ, ದಶಕಗಳ ಕಾಲ ನಿಂತಿತು. ಅದೇ ತಿಂಗಳ 29ರಂದು ಸೀಗ್ರೇವ್ ಅಮೆರಿಕದ ಡೇಟೋನಾದಲ್ಲಿ 327 ಕಿ.ಮೀ. ದಾಟಿದ. ಪೆಂಡೈನ್‌ನಲ್ಲಿ ಮತ್ತೆಂದೂ ಭೂವೇಗದ ವಿಶ್ವದಾಖಲೆ ಆಗಲಿಲ್ಲ. ಥಾಮಸರನ್ನು ಬ್ರೂಕ್‌ಲ್ಯಾಂಡ್ಸ್ ಹತ್ತಿರದ ಬೈಫ್ಲೀಟ್ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿದರು. ಕಾರನ್ನು ಮಿತ್ರರು ಪೆಂಡೈನ್‌ನ ಮರಳದಿಬ್ಬದಲ್ಲೇ ಹೂತರು.

ಈ ಬರಹವನ್ನು ಓದುವ ತರುಣರಿಗೆ ಇಲ್ಲೊಂದು ಮಾತು. ನಮ್ಮ ದೇಶದಲ್ಲಿ ನೋಂದಣಿ ಅಧಿಕಾರಿಯ ಅನುಮತಿಯಿಲ್ಲದೆ ವಾಹನದ ಎಂಜಿನ್ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ. ಬೈಕಿಗೆ ಬೇರೆ ಎಂಜಿನ್ ಹಾಕಿಸಿಕೊಳ್ಳುವ ಉಮೇದಿನಲ್ಲಿರುವ ಹುಡುಗರ ಮನೆಯವರು ಇದನ್ನು ತಿಳಿದಿರಲಿ.

ಕಾರು ನಲವತ್ತೆರಡು ವರ್ಷ ಮರಳಿನಡಿ ಮಲಗಿತ್ತು. ಮೇಲಿನ ನೆಲ ಸೇನೆಯ ಶಸ್ತ್ರಪರೀಕ್ಷೆಯ ಕೇಂದ್ರಕ್ಕೆ ಸೇರಿಹೋಯಿತು. 1969ರಲ್ಲಿ ಅದನ್ನು ಎತ್ತಲು ಹೊರಟವರು ಒಬ್ಬ ಅಧ್ಯಾಪಕರು: ಉತ್ತರ ವೇಲ್ಸಿನ ಬ್ಯಾಂಗರ್ ತಾಂತ್ರಿಕ ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿಸುತ್ತಿದ್ದ ಓವೆನ್ ವಿನ್ ಓವೆನ್. ಮಡಿದವನ ಸಮಾಧಿಯಂತಿರುವುದನ್ನು ಅಗೆಯುವುದು ಸರಿಯೇ ಎಂಬ ಪ್ರಶ್ನೆ ಎದ್ದೇ ಎದ್ದಿತು. ನಮಗೆ ಆ ಆಕ್ಷೇಪಣೆ ಅರ್ಥವಾಗುತ್ತದೆ. ಆದರೂ ಅನುಮತಿ ಪಡೆದು, ಒಪ್ಪಿಗೆ ಗಳಿಸಿ, ಅಗೆದು ತೆಗೆದ ಓವೆನ್ನರ ಪರವಾಗಿಯೇ ನಾವು ನಿಲ್ಲುತ್ತೇವೆ. ಉಪ್ಪು ತಿಂದು ತುಕ್ಕು ಹಿಡಿದ ಆ ಅವಶೇಷವನ್ನು ಅವರು ಸುಮಾರು ಹದಿನೈದು ವರ್ಷ ಕೂತು ದುರಸ್ತಿ ಮಾಡಿದರು. ಮೇಲೆ ಬಂದ ಭಾಗಗಳನ್ನು ಪರೀಕ್ಷಿಸಿದ ಬಳಿಕ ಚೈನಿನ ಕಥೆಯೇ ಅಲುಗಾಡಿತು. ಮೊದಲು ಸೋತದ್ದು ಬಲಬದಿಯ ಹಿಂದಿನ ಗಾಲಿಯಿರಬೇಕು, ಚೈನು ಆಮೇಲಿನದು ಎಂಬ ಅಭಿಪ್ರಾಯ ಮುಂದೆ ಬಂತು. ಮರಳು ಮುಚ್ಚಿಟ್ಟಿದ್ದ ಸಾಕ್ಷ್ಯ ಅದು.

ಬ್ಯಾಬ್ಸ್‌ನ ಹನ್ನೆರಡು ಸಿಲಿಂಡರುಗಳು ಮತ್ತೆ ಉಸಿರಾಡಿವೆ. ಪೆಂಡೈನ್‌ನ ವೇಗದ ವಸ್ತುಸಂಗ್ರಹಾಲಯದಲ್ಲಿಯೂ ಬ್ರೂಕ್‌ಲ್ಯಾಂಡ್ಸಿನ ಸಂಗ್ರಹಾಲಯದಲ್ಲಿಯೂ ಅದನ್ನು ಸರದಿಯಂತೆ ಪ್ರದರ್ಶಿಸುತ್ತಾ ಬಂದಿದ್ದಾರೆ. ಶಾಲೆಯ ಮಕ್ಕಳು ಅದರ ಬದಿಯಲ್ಲಿ ನಿಂತು, ಚೈನು ಹಾದುಹೋಗುವ ಜಾಗವನ್ನೂ ಹಿಂದಿನ ಗಾಲಿಯನ್ನೂ ಬಗ್ಗಿ ನೋಡಬಹುದು.