ಶಾರ್ಲೊಟ್ಟೆಯನ್ನು ಯಾರೂ ಕೇಳಲಿಲ್ಲ

18ನೇ ಶತಮಾನದ ಕೊನೆಯ ದಶಕಗಳಲ್ಲಿ ಜರ್ಮನಿಯ ಮೈಸೆನ್ ಕಾರ್ಖಾನೆ ತಯಾರಿಸಿದ ಕೆಲವು ಪಿಂಗಾಣಿ ಕಪ್-ಸಾಸರ್‌ಗಳ ಮೇಲೆ ಒಂದು ಜೋಡಿಯ ಚಿತ್ರ ಇದೆ. ಗಯಟೆಯ ಕಾದಂಬರಿಯ ವೆರ್ಥರ್ ಮತ್ತು ಲೊಟ್ಟೆ. ಇವತ್ತು ಇಂಥವನ್ನು ಮ್ಯೂಸಿಯಂನ ಗಾಜಿನ ಹಿಂದೆ ನೋಡಬಹುದು. ಆದರೆ ಆ ಲೊಟ್ಟೆ ಬರೀ ಕಲ್ಪನೆಯ ಹುಡುಗಿಯಲ್ಲ. ಆಕೆಗೊಂದು ಊರಿತ್ತು, ಸಂಸಾರವಿತ್ತು. ಮತ್ತು ಆಕೆ ಆತನ ಪ್ರೇಮಿಯೇ ಆಗಿರಲಿಲ್ಲ.

ಶಾರ್ಲೊಟ್ಟೆ ಬಫ್ ಹುಟ್ಟಿದ್ದು 1753ರಲ್ಲಿ, ವೆಟ್ಸ್‌ಲರ್ ಎಂಬ ಸಣ್ಣ ಊರಲ್ಲಿ. 1771ರಲ್ಲಿ ತಾಯಿ ತೀರಿಕೊಂಡಾಗ ತಮ್ಮ-ತಂಗಿಯರ ದೊಡ್ಡ ದಂಡನ್ನು ಸಾಕುವ ಹೊಣೆ ಆಕೆಯ ತಲೆಗೆ ಬಿತ್ತು. ಅಷ್ಟೊತ್ತಿಗಾಗಲೇ ಕೆಸ್ಟ್ನರ್ ಎಂಬ ಅಧಿಕಾರಿಯ ಜೊತೆ ಮದುವೆ ಗೊತ್ತಾಗಿತ್ತು. 1772ರ ಬೇಸಿಗೆಯಲ್ಲಿ, ಅಲ್ಲಿನ ನ್ಯಾಯಾಲಯಕ್ಕೆ ತರಬೇತಿಗೆಂದು ಬಂದಿದ್ದ 22ರ ಹರೆಯದ ವಕೀಲ ಗಯಟೆ ಒಂದು ನೃತ್ಯಕೂಟದಲ್ಲಿ ಆಕೆಯನ್ನು ಕಂಡು ಮನಸೋತ. ಸ್ನೇಹಕ್ಕಿಂತ ಹೆಚ್ಚಿಗೆ ಏನನ್ನೂ ನಿರೀಕ್ಷಿಸಬೇಡ ಅಂತ ಆಕೆ ಸ್ಪಷ್ಟವಾಗಿಯೇ ಹೇಳಿದಳು. ಸೆಪ್ಟೆಂಬರ್‌ನಲ್ಲಿ ಆತ ಹೇಳದೆ ಕೇಳದೆ ಊರು ಬಿಟ್ಟ. ಮರುವರ್ಷ ಆಕೆ ಕೆಸ್ಟ್ನರ್‌ನನ್ನು ಮದುವೆಯಾಗಿ ಹ್ಯಾನೋವರ್‌ಗೆ ಹೋದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ 1774ರಲ್ಲಿ ಕಾದಂಬರಿ ಬಂತು. ಗಯಟೆ ತನ್ನ ಅನುಭವವನ್ನೂ, ವೆಟ್ಸ್‌ಲರ್‌ನಲ್ಲೇ ಪ್ರೇಮಭಂಗದಿಂದ ಪ್ರಾಣ ಕಳೆದುಕೊಂಡ ಯೆರೂಸಲೆಮ್ ಎಂಬ ಯುವಕನ ಕಥೆಯನ್ನೂ ಸೇರಿಸಿ ಹೆಣೆದಿದ್ದ. ನೀಲಿ ಕಣ್ಣುಗಳನ್ನು ಕಪ್ಪಾಗಿಸಿದ. ಹೆಸರನ್ನು ಮಾತ್ರ ಹಾಗೇ ಉಳಿಸಿಕೊಂಡ. ಓದುಗರಿಗೆ ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಪುಸ್ತಕದಲ್ಲಿ ಸಪ್ಪೆ ಗಂಡನಾಗಿದ್ದ ಕೆಸ್ಟ್ನರ್ ನೊಂದು ಆಕ್ಷೇಪಿಸಿದ. ಗಯಟೆ ಕ್ಷಮೆ ಕೇಳಿದ. ಆ ಪಾತ್ರವನ್ನು ಒಂದಿಷ್ಟು ತಿದ್ದಿದ ಆವೃತ್ತಿ ಬಂದಿದ್ದು 1787ರಲ್ಲಿ.

ಅಷ್ಟರಲ್ಲಿ ಮಾರುಕಟ್ಟೆ ತನ್ನ ಕೆಲಸ ಮಾಡಿತ್ತು. ಕಾದಂಬರಿಯ ದೃಶ್ಯಗಳು ಮೊದಲು ಮುದ್ರಿತ ಚಿತ್ರಗಳಾದವು, ಆಮೇಲೆ ಬೀಸಣಿಗೆ ಏರಿದವು, ಪಿಂಗಾಣಿ ಏರಿದವು. ಪಿಂಗಾಣಿ ಚಿತ್ರದ ವಿಧಾನ ಹೀಗೆ: ಮೆರುಗು ಹಾಕಿ ಸುಟ್ಟ ಕಪ್ ಮೇಲೆ ಬಣ್ಣದಲ್ಲಿ ಬರೆದು ಮತ್ತೊಮ್ಮೆ ಸುಡುತ್ತಾರೆ. ಬಣ್ಣ ಕರಗಿ ಮೆರುಗಿಗೆ ಅಂಟಿಬಿಡುತ್ತದೆ. ಆಮೇಲೆ ತಿದ್ದುಪಡಿಗೆ ಅವಕಾಶವಿಲ್ಲ. ಹ್ಯಾನೋವರ್‌ನಲ್ಲಿ 12 ಮಕ್ಕಳನ್ನು ಹೆತ್ತ ಹೆಂಗಸು, ಯಾರದೋ ಮನೆಯ ಕಾಫಿ ಕಪ್ ಮೇಲೆ ಇನ್ಯಾರದೋ ಪ್ರೇಯಸಿಯಾಗಿ ಉಳಿದಳು.

ವೆರ್ಥರ್ ದೊಡ್ಡ ಕೃತಿ, ಅದನ್ನು ಯಾರೂ ಓದಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಬೇಡ ಅಂದವಳನ್ನು ಆ ನಿರಾಕರಣೆಯ ಕಾರಣಕ್ಕೇ ಜಗತ್ಪ್ರಸಿದ್ಧಳನ್ನಾಗಿ ಮಾಡುವ ಹಕ್ಕು ಯಾರದ್ದು? ಒಪ್ಪಿಗೆಯಿಲ್ಲದೆ ಹುಡುಗಿಯೊಬ್ಬಳ ವಿಡಿಯೊ ವೈರಲ್ ಆದಾಗ ನಾವು ಕೇಳುವುದೂ ಇದನ್ನೇ. ಪ್ರತಿಭೆ ಇದ್ದವನಿಗೆ ಇದರಲ್ಲಿ ರಿಯಾಯಿತಿ ಇರಬೇಕಾ?

1800ರಲ್ಲಿ ಗಂಡ ತೀರಿಕೊಂಡ. 1816ರಲ್ಲಿ, 63ರ ವಯಸ್ಸಿನಲ್ಲಿ, ವೈಮಾರ್‌ಗೆ ಹೋದಾಗ ಆಕೆ 44 ವರ್ಷಗಳ ನಂತರ ಗಯಟೆಯನ್ನು ಕಂಡಳು. ಈ ಭೇಟಿಯನ್ನೂ ಬಿಡಲಿಲ್ಲ ನೋಡಿ, 1939ರಲ್ಲಿ ಥಾಮಸ್ ಮನ್ ಇದನ್ನೇ ಇಟ್ಟುಕೊಂಡು ಇನ್ನೊಂದು ಕಾದಂಬರಿ ಬರೆದ. 1828ರಲ್ಲಿ ಶಾರ್ಲೊಟ್ಟೆ ತೀರಿಕೊಂಡಳು.

ಆ ಭೇಟಿಯ ಬಗ್ಗೆ ಆಕೆ ತನ್ನ ಮಗನಿಗೆ ಪತ್ರ ಬರೆದಿದ್ದಳು. ಹೊಸದಾಗಿ ಒಬ್ಬ ಮುದುಕನ ಪರಿಚಯವಾಯಿತು, ಆತ ಗಯಟೆ ಅಂತ ಗೊತ್ತಿದ್ದೂ ಅಷ್ಟೇನೂ ಹಿಡಿಸಲಿಲ್ಲ ಅನ್ನುವುದು ಅದರ ಸಾರ. ಕಪ್ ಮೇಲಿನ ಚಿತ್ರಗಳಲ್ಲಿ ಈ ಶಾರ್ಲೊಟ್ಟೆ ಸಿಗುವುದಿಲ್ಲ.