ಸಾಣೆಯ ದೂಳು ಮತ್ತು ಒಂದು ಪ್ರಶ್ನೆ: ದುಡಿಯುವವರ ವೈದ್ಯ ರಾಮಾಜ್ಜಿನಿ

ಚಾಮರಾಜನಗರ: ವಿಜಯನಗರದ ಅರಸರಿಗೇ ಸಡ್ಡು ಹೊಡೆದ ಪಾಳೆಯಗಾರರ ನೆಲೆ ಎಂದು ಉಮ್ಮತ್ತೂರು ಇತಿಹಾಸದಲ್ಲಿ ಹೆಸರಾಗಿದೆ. 16ನೇ ಶತಮಾನದ ಆರಂಭದಲ್ಲಿ ಕೃಷ್ಣದೇವರಾಯ ದಂಡೆತ್ತಿ ಬಂದು ಇಲ್ಲಿನ ಗಂಗರಾಜನನ್ನು ಮಣಿಸಿದ. ಕತ್ತಿ ಹಿಡಿದವರ ಹೆಸರು ಉಳಿಯಿತು. ಆ ಕತ್ತಿಯನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಸಾಣೆ ಹಿಡಿದು ಕೊಟ್ಟವರು ಯಾರು, ಅವರು ಯಾವ ಕಾಯಿಲೆಯಿಂದ ನರಳಿದರು ಎಂಬುದನ್ನು ಇತಿಹಾಸ ಕೇಳಲಿಲ್ಲ.

ಹಾಗೆ ಕೇಳಿದ ವೈದ್ಯನೊಬ್ಬ ಮುನ್ನೂರು ವರ್ಷಗಳ ಹಿಂದೆ ಇಟಲಿಯಲ್ಲಿದ್ದ. ವೃತ್ತಿಜನ್ಯ ರೋಗಗಳ ವೈದ್ಯಶಾಸ್ತ್ರದ ಪಿತಾಮಹನೆಂದು ಜಗತ್ತು ಇಂದು ಗೌರವಿಸುವ ಬರ್ನಾರ್ಡಿನೊ ರಾಮಾಜ್ಜಿನಿಯೇ ಆತ.

ಗುಂಡಿ ತೋರಿದ ದಾರಿ

ರಾಮಾಜ್ಜಿನಿ 1633ರಲ್ಲಿ ಕಾರ್ಪಿ ಎಂಬ ಪಟ್ಟಣದಲ್ಲಿ ಜನಿಸಿದ. ಪಾರ್ಮಾದಲ್ಲಿ ವ್ಯಾಸಂಗ ಮಾಡಿ 1659ರಲ್ಲಿ ವೈದ್ಯ ಪದವಿ ಪಡೆದ. ರೋಮ್ ಸೀಮೆಯ ಹಳ್ಳಿಗಳಲ್ಲಿ ವೃತ್ತಿ ಆರಂಭಿಸಿದನಾದರೂ ಮಲೇರಿಯಾ ಬಾಧಿಸಿದ್ದರಿಂದ ಹುಟ್ಟೂರಿಗೆ ಮರಳಬೇಕಾಯಿತು. 1671ರಲ್ಲಿ ಮೊಡೆನಾ ನಗರಕ್ಕೆ ತೆರಳಿದ ಆತ 1682ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದ.

ಆತನ ಬದುಕಿಗೆ ತಿರುವು ಸಿಕ್ಕಿದ್ದು ಮನೆಯ ಮಲದ ಗುಂಡಿಯ ಬಳಿ. ಗುಂಡಿ ಬಳಿಯಲು ಬಂದ ಕೂಲಿಯಾಳು ಉಸಿರುಗಟ್ಟಿ, ಅವಸರದಿಂದ ಕೆಲಸ ಮಾಡುತ್ತಿದ್ದುದನ್ನು ಕಂಡು ರಾಮಾಜ್ಜಿನಿ ಕಾರಣ ವಿಚಾರಿಸಿದ. ಹೆಚ್ಚು ಹೊತ್ತು ಒಳಗಿದ್ದರೆ ಕಣ್ಣು ಹೋಗುತ್ತದೆ ಎಂಬ ಉತ್ತರ ಬಂತು. ಅದೇ ಕೆಲಸ ಮಾಡಿ ದೃಷ್ಟಿ ಕಳೆದುಕೊಂಡವರು ನಗರದ ಬೀದಿಗಳಲ್ಲಿ ಭಿಕ್ಷೆ ಬೇಡುತ್ತಿದ್ದುದು ಆಗ ಆತನ ಗಮನಕ್ಕೆ ಬಂತು.

ಅಲ್ಲಿಂದ ಆತ ಪ್ರತಿಷ್ಠೆಯ ಹಂಗು ತೊರೆದು ಕಮ್ಮಾರರು, ಕುಂಬಾರರು, ಕಲ್ಲುಕುಟಿಗರು, ಹಿಟ್ಟಿನ ಗಿರಣಿಯವರು ದುಡಿಯುವಲ್ಲಿಗೇ ಹೋಗಿ ನೋಡತೊಡಗಿದ. ಅದರ ಫಲವಾಗಿ 1700ರಲ್ಲಿ, ನಲವತ್ತಕ್ಕೂ ಹೆಚ್ಚು ಕಸುಬುಗಳ ರೋಗಗಳನ್ನು ವಿವರಿಸುವ ಗ್ರಂಥ ಪ್ರಕಟವಾಯಿತು. ಕಲ್ಲಿನ ದೂಳು ಕಲ್ಲುಕುಟಿಗರ ಎದೆಯೊಳಗೆ ನೆಲೆಸಿ ಉಬ್ಬಸ ತರುತ್ತದೆಂದು ಅದರಲ್ಲಿ ದಾಖಲಿಸಿದ. ಬಡವನ ಮನೆಗೆ ಹೋದ ವೈದ್ಯ ಮೂರು ಕಾಲಿನ ಮಣೆಯಲ್ಲಾದರೂ ಕುಳಿತು, ಸಾವಧಾನವಾಗಿ ಪರೀಕ್ಷಿಸಬೇಕು. ಗ್ರೀಕ್ ವೈದ್ಯ ಹಿಪ್ಪೊಕ್ರಟಿಸ್ ಹೇಳಿಕೊಟ್ಟ ಪ್ರಶ್ನೆಗಳ ಜೊತೆಗೆ ರೋಗಿಯ ಕಸುಬು ಯಾವುದೆಂಬ ಪ್ರಶ್ನೆಯನ್ನೂ ಸೇರಿಸಬೇಕು ಎಂಬುದು ಆತನ ಉಪದೇಶ.

ಅದೇ ವರ್ಷ ಪಾದುವಾ ವಿಶ್ವವಿದ್ಯಾಲಯದಿಂದ ಕರೆ ಬಂತು. ಇಳಿವಯಸ್ಸಿನಲ್ಲಿ ದೃಷ್ಟಿ ಮಂದವಾದರೂ ಪಾಠ ನಿಲ್ಲಿಸಲಿಲ್ಲ. ಇನ್ನಷ್ಟು ಕಸುಬುಗಳನ್ನು ಸೇರಿಸಿ 1713ರಲ್ಲಿ ಗ್ರಂಥವನ್ನು ಪರಿಷ್ಕರಿಸಿದ. 1714ರ ನವೆಂಬರ್ 5ರಂದು ಪಾರ್ಶ್ವವಾಯು ಬಡಿದು, 81ನೇ ವಯಸ್ಸಿನಲ್ಲಿ ನಿಧನನಾದ.

ಶೆಫೀಲ್ಡ್‌ನಿಂದ ಕೋಲಾರದವರೆಗೆ

ಆತನ ಎಚ್ಚರಿಕೆ ಎಷ್ಟು ನಿಜವೆಂಬುದನ್ನು ಚಾಕು ಚೂರಿಗಳಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್ ನಗರ 19ನೇ ಶತಮಾನದಲ್ಲಿ ತೋರಿಸಿಕೊಟ್ಟಿತು. ಮರಳುಗಲ್ಲಿನ ಚಕ್ರದ ಮೇಲೆ ನೀರಿಲ್ಲದೆ ಒಣಸಾಣೆ ಹಿಡಿಯುತ್ತಿದ್ದ ಕಾರ್ಮಿಕರಲ್ಲಿ ಅನೇಕರು ನಡುವಯಸ್ಸನ್ನೇ ಕಾಣದೆ ಸಾಯುತ್ತಿದ್ದರು. ನೀರು ಬಳಸಿ ಸಾಣೆ ಹಿಡಿಯುತ್ತಿದ್ದವರು ಅವರಿಗಿಂತ ಹೆಚ್ಚು ಕಾಲ ಬದುಕುತ್ತಿದ್ದರು. ನಮ್ಮ ರಾಜ್ಯದಲ್ಲಿಯೂ ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರಲ್ಲಿ ಕಲ್ಲುದೂಳಿನ ಶ್ವಾಸಕೋಶ ರೋಗ ಸಿಲಿಕೋಸಿಸ್ 1940ರ ದಶಕದಲ್ಲಿ ದಾಖಲಾಯಿತು.

ಕಣ್ಣಿಗೆ ಕಾಣದಷ್ಟು ಸಣ್ಣದಾದ ಸಿಲಿಕಾ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಗಾಯದ ಕಲೆಯಂತೆ ಗಟ್ಟಿಯಾದ ಗಂಟುಗಳನ್ನು ಉಂಟುಮಾಡುತ್ತವೆ. ಸಾಮಾನ್ಯವಾಗಿ ಹಲವು ವರ್ಷಗಳ ನಂತರ ರೋಗ ತಲೆದೋರುತ್ತದೆ. ಇದನ್ನು ಪೂರ್ಣವಾಗಿ ಗುಣಪಡಿಸುವ ಔಷಧವಿಲ್ಲ. ಕೆಮ್ಮು, ಏದುಸಿರು ಹಾಗೂ ಎಕ್ಸ್‌ರೇಯಲ್ಲಿ ಕಾಣುವ ಕಲೆಗಳಿಂದಾಗಿ ಇದನ್ನು ಕ್ಷಯವೆಂದು ತಪ್ಪು ತಿಳಿಯುವುದುಂಟು. ಇದು ಕ್ಷಯ ತಗಲುವ ಅಪಾಯವನ್ನೂ ಹೆಚ್ಚಿಸುತ್ತದೆ.

ಇಂದು ಮಚ್ಚು, ಕುಡುಗೋಲು, ಚಾಕು ತಯಾರಿಕೆಯಲ್ಲಿ ಮರಳುಗಲ್ಲಿನ ಬದಲು ಕೃತಕ ಚಕ್ರ, ವಿದ್ಯುತ್ ಗ್ರೈಂಡರ್‌ಗಳ ಬಳಕೆ ಹೆಚ್ಚಿದೆ. ಇದರಿಂದ ಸಿಲಿಕಾ ಕಡಿಮೆಯಾದರೂ ಅಪಾಯ ತಪ್ಪಿಲ್ಲ. ಸ್ಟೇನ್‌ಲೆಸ್ ಸ್ಟೀಲಿನ ದೂಳಿನಲ್ಲಿ ಕ್ರೋಮಿಯಂ, ನಿಕಲ್ ಇರುತ್ತವೆ. ಹಿಡಿಗೆ ಬಳಸುವ ಬೀಟೆಯಂತಹ ಗಟ್ಟಿಮರದ ದೂಳು ಚರ್ಮದ ಅಲರ್ಜಿ, ಉಬ್ಬಸಕ್ಕೆ ಕಾರಣವಾಗಬಲ್ಲದು. ದೀರ್ಘಕಾಲದ ಗಟ್ಟಿಮರದ ದೂಳು ಮೂಗಿನ ಕ್ಯಾನ್ಸರ್‌ಗೂ ಕಾರಣವೆಂಬುದು ಸಿದ್ಧಪಟ್ಟಿದೆ.

ಕೇಳಬೇಕಾದ ಪ್ರಶ್ನೆ

1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸ್ಸನ್ನು ವೈದ್ಯರು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಆದರೆ ಒಬ್ಬಿಬ್ಬರು ದುಡಿಯುವ ಹಳ್ಳಿಯ ಕುಲುಮೆ ಕಾರ್ಖಾನೆ ಎನಿಸಿಕೊಳ್ಳಲಿಲ್ಲ. ಆದುದರಿಂದ ಎಚ್ಚರಿಕೆ ಕಸುಬುದಾರರಿಂದಲೇ ಆರಂಭವಾಗಬೇಕು. ಸಾಧ್ಯವಿದ್ದಲ್ಲಿ ನೀರು ಹಾಕಿ ಸಾಣೆ ಹಿಡಿಯುವುದು, ದೂಳು ಹೀರುವ ಯಂತ್ರ ಅಳವಡಿಸುವುದು, ಎನ್-95 ದರ್ಜೆಯ ಮುಖಗವಸು ಧರಿಸುವುದು ಅಗತ್ಯ. ಟವೆಲ್ ಸುತ್ತಿಕೊಂಡರೆ ಸೂಕ್ಷ್ಮ ಕಣಗಳು ನಿಲ್ಲುವುದಿಲ್ಲ. ನೆಲವನ್ನು ಒಣದಾಗಿ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸುವುದು, ಕೆಲಸದ ಬಟ್ಟೆಯಲ್ಲಿ ಮನೆಯ ಮಕ್ಕಳನ್ನು ಎತ್ತಿಕೊಳ್ಳದಿರುವುದು ಒಳಿತು.

ತಿಂಗಳುಗಟ್ಟಲೆ ಕೆಮ್ಮುತ್ತಿರುವ ಕಮ್ಮಾರನೊಬ್ಬ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಂತರೆ, ಎದುರಿನ ವೈದ್ಯರು ಆತನ ಕಸುಬನ್ನು ವಿಚಾರಿಸಬೇಕು. ಅವರು ಕೇಳದಿದ್ದರೆ ಆತನೇ ಹೇಳಬೇಕು. ರಾಮಾಜ್ಜಿನಿ ಬಿಟ್ಟುಹೋದ ಆ ಪ್ರಶ್ನೆಗೆ ಕಾಸಿನ ಖರ್ಚಿಲ್ಲ.